ನಮ್ಮ ಕಬ್ಬಿನ ರೇಟಿಗೂ ಜಿನೀವಾಕ್ಕೂ ಏನು ಸಂಬಂಧ?

ಹೋದ ತಿಂಗಳು ಊರಿಗೆ ಹೋಗಿದ್ದಾಗ ಚಿಕ್ಕಪ್ಪ ಒಂದು ಕಾಗದ ತಂದು ಮುಂದಿಟ್ಟರು. ಅವರ ಆಲೆಮನೆಯಿಂದ ಬೆಲ್ಲದ ಪುಡಿ ತೆಗೆದುಕೊಂಡು ಯುರೋಪಿಗೆ ಕಳಿಸುತ್ತೇವೆ ಎಂದವರು ಕೊಟ್ಟ ಕರಾರು. ನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ಒಂದು ಸಾಲಿನ ಕೆಳಗೆ ಯಾರೋ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಸಲ್ಫರ್ ಡೈಆಕ್ಸೈಡ್ ಕೆಜಿಗೆ 10 ಮಿಲಿಗ್ರಾಂ ದಾಟಬಾರದು ಅಂತ.

"ಇದ್ಯಾಕ್ಲಾ ಮಗ ಹಿಂಗೆ? ಬೆಲ್ಲ ಕಾಯ್ಸೋದ್ನ ನಮ್ಗೆ ಅವ್ರು ಹೇಳ್ಕೊಡ್ಬೇಕಾ?" ಅಂದರು.

ಪಾಂಡವಪುರದ ಕಡೆ ಆಲೆಮನೆ ನೋಡಿದವರಿಗೆ ಗೊತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬಣ್ಣ ತಿಳಿಯಾಗಿಸುವ ಗಂಧಕದ ರಾಸಾಯನಿಕ ಪುಡಿ, ಹೈಡ್ರೋಸ್, ಒಂದು ಹಿಡಿ ಬೀಳುತ್ತದೆ. ಕಪ್ಪಗಿದ್ದ ಪಾಕ ನೋಡನೋಡುತ್ತಲೇ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಮಂಡಿಯಲ್ಲಿ ಬಣ್ಣ ನೋಡಿಯೇ ರೇಟು ಕೂಗುವುದು, ಹಾಗಾಗಿ ಆಲೆಮನೆಯವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಆ ಹೈಡ್ರೋಸ್‌ನ ಗಂಧಕ ಸಲ್ಫರ್ ಡೈಆಕ್ಸೈಡ್ ಆಗಿ ಬೆಲ್ಲದಲ್ಲಿ ಉಳಿದುಕೊಳ್ಳುತ್ತದೆ. ಯುರೋಪಿನ ಕಾನೂನಿನ ಪ್ರಕಾರ ಅದು ಕೆಜಿಗೆ 10 ಮಿಲಿಗ್ರಾಂ ದಾಟಿದರೆ ಪೊಟ್ಟಣದ ಮೇಲೆ ಅಲರ್ಜಿ ಎಚ್ಚರಿಕೆಯಾಗಿ ಬರೆಯಲೇಬೇಕು. ಹಾಗೆ ಬರೆದ ಮಾಲು ಮಾರುವುದು ಕಷ್ಟ ಅಂತ ಕೊಳ್ಳುವವರು ಮೊದಲೇ ಷರತ್ತು ಹಾಕುತ್ತಾರೆ.

ನಾನು ಮೈಸೂರಿನಲ್ಲಿ ಕಾನೂನು ಓದಿದವನು. ಅಂತರರಾಷ್ಟ್ರೀಯ ಕಾನೂನು ಅಂದರೆ ಸಾಕು, "ಅದಕ್ಕೆ ಪೊಲೀಸೂ ಇಲ್ಲ, ಜೈಲೂ ಇಲ್ಲ, ಸುಮ್ನೆ ಕಾಗದ" ಅನ್ನುವ ಮಾತು ಕಾಲೇಜಿನಲ್ಲಿ ಎಷ್ಟು ಕೇಳಿದ್ದೇನೋ ಲೆಕ್ಕವಿಲ್ಲ. ಈ ಮಾತು ನಾನು ಒಪ್ಪುವುದಿಲ್ಲ. ಮಂಡ್ಯದಲ್ಲಿ ಹುಟ್ಟಿದ ಯಾರೂ ಒಪ್ಪಬಾರದು. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಬ್ಬಿಗೆ ಕೇಂದ್ರ ಸರ್ಕಾರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ನಿಗದಿ ಮಾಡುತ್ತದೆ. 2025-26ರ ಹಂಗಾಮಿಗೆ ಕಬ್ಬಿನಿಂದ ಶೇ 10.25 ಸಕ್ಕರೆ ಇಳುವರಿ ಬಂದರೆ ಟನ್‌ಗೆ 3,550 ರೂಪಾಯಿ. ಕಾರ್ಖಾನೆಯವರು ಇದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರೂ ಸೇರಿ ಇದರ ಮೇಲೆಯೇ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯೂಟಿಒ) ದೂರು ಕೊಟ್ಟವು. ಭಾರತ ಹೀಗೆ ಬೆಲೆ ಏರಿಸಿ, ಮೇಲೆ ರಫ್ತಿಗೂ ಸಬ್ಸಿಡಿ ಕೊಟ್ಟು, ಲೋಕದ ಸಕ್ಕರೆ ರೇಟನ್ನೇ ಬೀಳಿಸುತ್ತಿದೆ ಅನ್ನುವುದು ಅವರ ತಕರಾರು.

"ಎಫ್‌ಆರ್‌ಪಿ ದುಡ್ಡು ಸರ್ಕಾರ ಕೊಡುವುದಲ್ಲ, ಕಾರ್ಖಾನೆಗಳು ಕೊಡುವುದು. ಇದು ಸಬ್ಸಿಡಿ ಹೇಗಾಗುತ್ತದೆ?" ಎಂದು ಭಾರತ ವಾದಿಸಿತು. ನಾನೂ ಬಹಳ ದಿನ ಹಾಗೇ ನಂಬಿದ್ದೆ. 2021ರ ಡಿಸೆಂಬರ್ 14ರಂದು ಬಂದ ತೀರ್ಪು ಇದನ್ನು ಒಪ್ಪಲಿಲ್ಲ. ದುಡ್ಡು ಯಾರ ಜೇಬಿನಿಂದ ಹೋಯಿತು ಅನ್ನುವುದು ಮುಖ್ಯವಲ್ಲ, ಸರ್ಕಾರ ಆದೇಶ ಮಾಡಿ ಬೆಲೆ ಹಿಡಿದಿಟ್ಟರೆ ಅದೂ ಬೆಂಬಲವೇ ಎಂದಿತು. ನಮ್ಮಂಥ ದೇಶಗಳಿಗೆ ಈ ಬೆಂಬಲದ ಮಿತಿ ಆ ಬೆಳೆಯ ಒಟ್ಟು ಮೌಲ್ಯದ ಶೇ 10. ಭಾರತ 2014-15ರಿಂದ 2018-19ರವರೆಗೆ ಐದು ಹಂಗಾಮೂ ಅದನ್ನು ದಾಟಿದೆ ಅಂತ ತೀರ್ಪಾಯಿತು. ರಫ್ತಿಗೆ ಕೊಟ್ಟ ನೆರವೂ ನಿಯಮಕ್ಕೆ ವಿರುದ್ಧ ಎಂದರು.

ಓದಿ ನೋಡಿದರೆ ತರ್ಕ ತಳ್ಳಿಹಾಕುವಂಥದ್ದಲ್ಲ. ಆದರೆ ಅಳೆಯುವ ಸೇರು ನೋಡಿ. ಇವತ್ತಿನ ಎಫ್‌ಆರ್‌ಪಿಯನ್ನು ಹೋಲಿಸುವುದು 1986-88ರ ಬೆಲೆಯ ಜೊತೆ! ಆಗ ಡೀಸೆಲ್ ಎಷ್ಟಿತ್ತು, ಕಬ್ಬು ಕಡಿಯುವವರ ಕೂಲಿ ಎಷ್ಟಿತ್ತು, ಗೊಬ್ಬರದ ಮೂಟೆ ಎಷ್ಟಿತ್ತು? ಹೋಲಿಕೆಯ ಬೆಲೆ ಅಲ್ಲೇ ನಿಂತಿದೆ, ಖರ್ಚು ಮಾತ್ರ ಏರುತ್ತಲೇ ಇದೆ. ಇದು ಅನ್ಯಾಯ. ಇದನ್ನು ಬದಲಾಯಿಸಿ ಅಂತ ಭಾರತ ಕೇಳುತ್ತಲೇ ಇರುವುದು ಸರಿ.

ಕಾನೂನಿಗೆ ಹಲ್ಲಿಲ್ಲ ಅನ್ನುವವರು ಇನ್ನೊಂದು ವಿಷಯ ಗಮನಿಸಬೇಕು. 2020ರ ಡಿಸೆಂಬರಿನಲ್ಲಿ ಕೇಂದ್ರ 60 ಲಕ್ಷ ಟನ್ ಸಕ್ಕರೆ ರಫ್ತಿಗೆ ಟನ್‌ಗೆ 6,000 ರೂಪಾಯಿ ನೆರವು ಕೊಟ್ಟಿತು. ಆ ದುಡ್ಡು ಕಾರ್ಖಾನೆಯ ಪರವಾಗಿ ಕಬ್ಬಿನ ಬಾಕಿಗೆ ಅಂತ ರೈತರ ಖಾತೆಗೇ ಬೀಳಬೇಕಿತ್ತು. ಆದರೆ ಆದೇಶದಲ್ಲಿ ಬರೆದದ್ದು ಏನು? ಮಾರಾಟದ ಖರ್ಚು, ಸಂಸ್ಕರಣೆಯ ಖರ್ಚು, ಒಳಗಿನ ಮತ್ತು ಹೊರದೇಶದ ಸಾಗಣೆ ಖರ್ಚು. ಈ ಪದಗಳು ದೆಹಲಿಯಲ್ಲಿ ಹುಟ್ಟಿದವಲ್ಲ. ಡಬ್ಲ್ಯೂಟಿಒ ಕೃಷಿ ಒಪ್ಪಂದದ 9ನೇ ವಿಧಿಯಿಂದ ಬಂದವು. ಬೆಳೆಯುತ್ತಿರುವ ದೇಶಗಳಿಗೆ ಇಂಥ ಖರ್ಚಿನಲ್ಲಿ ಅಲ್ಲಿ ಸ್ವಲ್ಪ ವಿನಾಯಿತಿ ಇತ್ತು. ನಮ್ಮಂಥ ದೊಡ್ಡ ದೇಶದ ಸರ್ಕಾರವೂ ರೈತನಿಗೆ ದುಡ್ಡು ಕೊಡುವ ಮುಂಚೆ ಆ ಪುಸ್ತಕ ತೆರೆದು ಪದ ಹುಡುಕಿದೆ. ಪೊಲೀಸ್ ಇಲ್ಲದ ಕಾನೂನು ಕೆಲಸ ಮಾಡುವುದು ಹೀಗೆಯೇ ಅಲ್ವಾ?

ತೀರ್ಪಿನ ಮೇಲೆ ಭಾರತ ಅದೇ 2021ರ ಡಿಸೆಂಬರಿನಲ್ಲಿ ಮೇಲ್ಮನವಿ ಹಾಕಿತು. ಕೇಳುವವರು ಯಾರು? ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದೆ, ಡಬ್ಲ್ಯೂಟಿಒದ ಮೇಲ್ಮನವಿ ಪೀಠ 2019ರ ಡಿಸೆಂಬರಿನಿಂದಲೇ ನಿಂತುಹೋಗಿದೆ. ಮೇಲ್ಮನವಿ ಮುಗಿಯುವ ತನಕ ತೀರ್ಪು ಜಾರಿಗೆ ಬರುವುದಿಲ್ಲ. ಬಹಳ ಜನ ಇದನ್ನು ಗೆಲುವು ಅಂದುಕೊಂಡರು. ನನಗೆ ಹಾಗನ್ನಿಸುವುದಿಲ್ಲ, ಭಯವೇ ಜಾಸ್ತಿ. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಹಲವು ಸರಕಿನ ಮೇಲೆ ಶೇ 50ರವರೆಗೆ ಸುಂಕ ಹಾಕಿತಲ್ಲ, ಅಂಥ ಹೊತ್ತಿನಲ್ಲಿ ನಾವು ದೂರು ಕೊಟ್ಟು ಗೆದ್ದರೂ ಅವರೂ ಅದೇ ಖಾಲಿ ಪೀಠಕ್ಕೆ ಮೇಲ್ಮನವಿ ಹಾಕಿ ಕೂರಬಹುದು. ನ್ಯಾಯ ಕೇಳುವ ಜಾಗ ಖಾಲಿ ಇದ್ದರೆ ಬಲ ಇದ್ದವನದೇ ಮಾತು ನಡೆಯುತ್ತದೆ. ಆ ಪೀಠ ಮತ್ತೆ ಬರಬೇಕು. ನಾವು ಸೋಲುವ ಕೇಸು ಅಲ್ಲಿದ್ದರೂ ಬರಬೇಕು.

ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು ಕೊಡಬೇಕು ಅಂತ ನಮ್ಮ ದೇಶದ್ದೇ ಆದೇಶ ಇದೆ. ತಡವಾದರೆ ಶೇ 15 ಬಡ್ಡಿ. ಅಷ್ಟೆಲ್ಲ ಇದ್ದೂ ಒಂದು ವರ್ಷ ಕಾರ್ಖಾನೆಯೊಂದು ನಮ್ಮ ದುಡ್ಡನ್ನು ಯುಗಾದಿ ಕಳೆದರೂ ಕೊಡಲಿಲ್ಲ. ಅಪ್ಪ ತೂಕದ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಒಳಗಿನ ಕಾನೂನೂ ತಡವಾಗುತ್ತದೆ, ಮುರಿಯುತ್ತದೆ. ಹಾಗಂತ ಅದನ್ನು ಬರೀ ಕಾಗದ ಅಂತ ಎಸೆದವರು ನಮ್ಮೂರಲ್ಲಿ ಯಾರೂ ಇಲ್ಲ. ಚೀಟಿ ಹಿಡಿದು ಕೇಳಲು ಹೋದರು.

ಚಿಕ್ಕಪ್ಪನಿಗೆ ಇಷ್ಟೂ ಹೇಳಿದೆ. ಆ 10 ಮಿಲಿಗ್ರಾಂ ವಿಷಯದಲ್ಲೂ ಯುರೋಪಿನವರು ಮನಸ್ಸಿಗೆ ಬಂದ ಹಾಗೆ ಬಾಗಿಲು ಹಾಕುವ ಹಾಗಿಲ್ಲ. ಆಹಾರದ ಸುರಕ್ಷತೆ ಅಂತ ತಡೆದರೆ ಅದಕ್ಕೆ ವಿಜ್ಞಾನದ ಆಧಾರ ತೋರಿಸಬೇಕು, ಅದೂ ಡಬ್ಲ್ಯೂಟಿಒ ಒಪ್ಪಂದದಲ್ಲೇ ಇದೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸರಿ ಬುಡು, ಅಪ್ಪ ಇದ್ದಾಗ ಹೈಡ್ರೋಸ್ ಬದ್ಲು ಬೆಂಡೆ ಗಿಡದ ಲೋಳೆ ಹಾಕ್ತಿದ್ರು. ಅದ್ನೇ ಮಾಡಾಣ" ಅಂದರು.

ಮಾರನೇ ದಿನ ಒಂದು ಕೊಪ್ಪರಿಗೆ ಹೈಡ್ರೋಸ್ ಇಲ್ಲದೆ ಇಳಿಸಿದರು. ಬೆಲ್ಲ ಕಂದುಬಣ್ಣಕ್ಕೆ ಬಂತು, ಬಾಯಿಗಿಟ್ಟರೆ ಕಬ್ಬಿನ ವಾಸನೆ. ಕಾಲು ಕೆಜಿ ಪೊಟ್ಟಣ ಕಟ್ಟಿ ಲ್ಯಾಬಿಗೆ ಕಳಿಸಿದ್ದೇವೆ.