ಇಮೋ ಅಂಗಡಿ ಬಾಗಿಲು ಹಾಕಿತು

ಹೋದ ವಾರ ರಾತ್ರಿ ಸುಮ್ನೆ ರೀಲ್ಸ್ ನೋಡ್ತಾ ಮಲಗಿದ್ದೆ. ನಮ್ಮ ದೇಶದಿಂದ ಪ್ರವಾಸಕ್ಕೆ ಬಂದ ಹುಡುಗಿಯೊಬ್ಬಳು ನಾನಿರುವ ದಕ್ಷಿಣ ಕೊರಿಯಾದ ಸೋಲ್ (ಸಿಯೋಲ್) ನಗರದ ಯಾವುದೋ ಓಣಿಯಲ್ಲಿ, ಹಳೇ ಅಂಗಡಿಯೊಂದರ ಮುಂದೆ ನಿಂತು ಐಸ್‌ಕ್ರೀಮ್ ತಿನ್ನುತ್ತಿದ್ದಾಳೆ. ಹಿಂದೆ ಬಣ್ಣ ಹೋದ ಬೋರ್ಡು, ಪಕ್ಕದಲ್ಲಿ ತುಕ್ಕು ಹಿಡಿದ ಫ್ರೀಜರ್, ಒಳಗೆ ಮಸುಕಾಗಿ ಒಬ್ಬ ಅಜ್ಜಿ. ಮೆಲ್ಲಗೆ ಪಿಯಾನೊ. ಕೆಳಗೆ ನೂರಾರು ಕಾಮೆಂಟು, ಎಲ್ಲರದ್ದೂ ಒಂದೇ ಮಾತು: ಎಷ್ಟು ಕ್ಯೂಟ್ ಅಲ್ವಾ!

ನನಗೆ ಯಾಕೋ ರೇಗಿ ಹೋಯಿತು. ಹುಡುಗಿಯದ್ದೇನೂ ತಪ್ಪಿಲ್ಲ ಬಿಡಿ. ಅದೇ ವಾರ ನಮ್ಮ ಓಣಿಯ ಅಂಥದ್ದೇ ಅಂಗಡಿ ಬಾಗಿಲು ಹಾಕಿತ್ತು, ಅಷ್ಟೇ.

ಬೋರ್ಡಿನ ಮೇಲೆ ಬೇರೆ ಹೆಸರಿತ್ತು. ನಾನು ಮಾತ್ರ ಇಮೋ ಅಂಗಡಿ ಅಂತಲೇ ಅನ್ನುತ್ತಿದ್ದೆ. ಇಮೋ ಅಂದರೆ ಅಮ್ಮನ ಅಕ್ಕ ಅಥವಾ ತಂಗಿ, ನಮ್ಮ ದೊಡ್ಡವ್ವ, ಚಿಗವ್ವ ಇಬ್ಬರಿಗೂ ಅದೊಂದೇ ಪದ. ಅಂಗಡಿ, ಹೋಟೆಲ್ ನಡೆಸುವ ಹೆಂಗಸರನ್ನು ಇಲ್ಲಿ ಹಾಗೆ ಕರೆಯುವುದು ರೂಢಿ. ಇಂಥ ಪುಟ್ಟ ಅಂಗಡಿಗೆ ಕೊರಿಯನ್ನರು ಗುಮೊಂಗ್ ಗಾಗೆ ಅನ್ನುತ್ತಾರೆ. ಗುಮೊಂಗ್ ಅಂದರೆ ತೂತು, ಗಾಗೆ ಅಂದರೆ ಅಂಗಡಿ. ತೂತಿನಷ್ಟಗಲದ ಅಂಗಡಿ. ಆದರೆ ಬೋರ್ಡು ಬರೆಸುವಾಗ ಮಾತ್ರ ಎಲ್ಲರೂ 'ಸೂಪರ್' ಅಂತಲೇ ಬರೆಸುತ್ತಾರೆ. ಸೂಪರ್‌ಮಾರ್ಕೆಟ್‌ನ ಸೂಪರ್. ಇಬ್ಬರು ಒಟ್ಟಿಗೆ ಒಳಗೆ ಹೋದರೆ ಒಬ್ಬರು ಹೊರಗೆ ಬಂದು ದಾರಿ ಬಿಡಬೇಕು, ಹೆಸರು ಮಾತ್ರ ಸೂಪರ್.

ನಾನು 2019ರ ಚಳಿಗಾಲದಲ್ಲಿ ಇಲ್ಲಿಗೆ ಬಂದವನು. ಸೋಲ್‌ನ ಗ್ವಾನಾಕ್ ಕಡೆ, ಬೊಂಗ್‌ಚೊನ್ ಗುಡ್ಡದ ಮೇಲೆ ಕೆಂಪು ಇಟ್ಟಿಗೆಯ ಮನೆಗಳ ಓಣಿ. ಬಂದ ಮೂರನೇ ದಿನ ಕಸವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಹಿಡಿದುಕೊಂಡು ಹೊರಟಿದ್ದೆ. ಎದುರು ಅಂಗಡಿಯಿಂದ ಒಬ್ಬ ಹೆಂಗಸು ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಓಡಿ ಬಂದರು. "ಆಂದ್ವೆ, ಆಂದ್ವೆ!" ಕೆ-ಡ್ರಾಮಾ ನೋಡುವವರಿಗೆ ಈ ಪದ ಗೊತ್ತಿರುತ್ತೆ. ಕೂಡದು, ಕೂಡದು!

ಇಲ್ಲಿ ಸಿಕ್ಕ ಚೀಲದಲ್ಲಿ ಕಸ ಹಾಕುವ ಹಾಗಿಲ್ಲ. 1995ರಿಂದ ಕಸದ ಚೀಲವನ್ನೇ ದುಡ್ಡು ಕೊಟ್ಟು ಕೊಳ್ಳಬೇಕು, ಎಷ್ಟು ಲೀಟರಿನ ಚೀಲವೋ ಅಷ್ಟು ಬೆಲೆ. ಸೋಲ್‌ನಲ್ಲಿ 25 ವಿಭಾಗಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಚೀಲ. ಅದು ಸಿಗುವುದು ಆಯಾ ಕಡೆಯ ಅಂಗಡಿಗಳಲ್ಲಿ. ಹಳೇ ಕುರ್ಚಿ, ಹಾಸಿಗೆ ಬಿಸಾಡಬೇಕಾದರೆ ಅದಕ್ಕೆ ಬೇರೆಯೇ ಸ್ಟಿಕರ್ ತಂದು ಅಂಟಿಸಬೇಕು, ಆಮೇಲೆಯೇ ಲಾರಿಯವರು ಮುಟ್ಟುವುದು. ಭಾಷೆ ಬಾರದ ನನಗೆ ಇಮೋ ಇಷ್ಟನ್ನೂ ಕೈಸನ್ನೆಯಲ್ಲೇ ಹೇಳಿಕೊಟ್ಟರು. ನನ್ನ ಗಂಟು ಬಿಚ್ಚಿ, ಬಾಟಲಿ ಬೇರೆ, ಕಾಗದ ಬೇರೆ ಮಾಡಿ ತೋರಿಸಿದರು. ಪರದೇಶದಲ್ಲಿ ನನ್ನ ಕಸ ಮುಟ್ಟಿದ ಮೊದಲ ಮನುಷ್ಯರು ಅವರು. ಅವತ್ತಿನಿಂದ ನಾನು ಅವರ ಪಾಲಿಗೆ 'ಹಾಕ್‌ಸೇಂಗ್', ಅಂದರೆ ವಿದ್ಯಾರ್ಥಿ. ಮೂವತ್ತು ದಾಟಿ ತಲೆ ನರೆಯೋಕೆ ಶುರುವಾದರೂ ನಾನು ಹಾಕ್‌ಸೇಂಗೇ.

ಅಂಗಡಿಯ ಹಿಂದೆಯೇ ಒಂದು ಕೋಣೆ. ನಡುವೆ ಎಳೆದು ತೆಗೆಯುವ ಬಾಗಿಲು, ಅದರಲ್ಲಿ ಅಂಗೈಯಗಲದ ಗಾಜು. ಇಮೋ ಒಳಗೆ ಬೆಚ್ಚಗಿನ ನೆಲದ ಮೇಲೆ ಕೂತು ಟಿವಿ ನೋಡುತ್ತಾ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹೊರಬಾಗಿಲಿನ ಗಂಟೆ ಕಿಣಿ ಅಂದರೆ ಆ ಗಾಜಿನಲ್ಲಿ ಒಂದು ಕಣ್ಣು ಕಾಣುತ್ತಿತ್ತು. ಪರಿಚಯದವರಾದರೆ ಎದ್ದು ಬರುತ್ತಿರಲಿಲ್ಲ. "ದುಡ್ಡು ಅಲ್ಲೇ ಇಟ್ಟು ಹೋಗು" ಅಂತ ಒಳಗಿಂದಲೇ ಕೂಗು. ಹೊರಗೆ ಪ್ಯೊಂಗ್‌ಸಾಂಗ್ ಅನ್ನುವ ತಗ್ಗು ಮರದ ಮಂಚ, ಮೇಲೆ ಹಳದಿ ರೆಕ್ಸಿನ್ ಹೊದಿಸಿದ್ದು. ಬೆಳಗ್ಗೆ ಅದರ ಮೇಲೆ ಕೆಂಪು ಮೆಣಸಿನಕಾಯಿ ಒಣಗುತ್ತಿತ್ತು, ಮಧ್ಯಾಹ್ನ ಓಣಿಯ ಅಜ್ಜಿಯರು ಕೂರುತ್ತಿದ್ದರು, ಸಂಜೆ ಗಂಡಸರ ಮಕ್ಕೊಲ್ಲಿ. ಅದು ಅಕ್ಕಿಯ ಹೆಂಡ, ನೋಡೋಕೆ ಮಜ್ಜಿಗೆ ತರ ಇರುತ್ತೆ.

ಒಂದು ಸಾವಿರ ವೊನ್‌ಗೆ ಮೊಳಕೆ ಕಾಳು ತಗೊಂಡರೆ ಇಮೋ ಚೀಲ ಕಟ್ಟುವ ಮೊದಲು ಇನ್ನೊಂದು ಹಿಡಿ ತುರುಕುತ್ತಿದ್ದರು. ಇದಕ್ಕೆ ಅವರ ಭಾಷೆಯಲ್ಲಿ 'ದೊಮ್' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ಅರ್ಥ ಮಾಡಿಸೋಕೆ ನನ್ನ ಲ್ಯಾಬಿನ ಕೊರಿಯನ್ ಗೆಳೆಯ ಹತ್ತು ನಿಮಿಷ ಒದ್ದಾಡಿದ. ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಕೊಸರು! ಸಂತೆಯಲ್ಲಿ ನಮ್ಮವ್ವ ಕೇಳಿ ಇಸ್ಕೊಳ್ಳುವ ಕೊಸರು. ಇಲ್ಲಿ ಕೇಳುವ ಮೊದಲೇ ಬೀಳುತ್ತಿತ್ತು, ಅಷ್ಟೇ ವ್ಯತ್ಯಾಸ.

ಇನ್ನೊಂದು ಅಂಗಡಿಯ ಕತೆ ಹೇಳಲೇಬೇಕು. ಎರಡು ಓಣಿ ಆಚೆ ಒಂದು ಬಾಂಗಾತ್‌ಗಾನ್ ಇದೆ. ನಮ್ಮ ಗಿರಣಿ ಅನ್ನಿ. ಗಂಡ ಹೆಂಡತಿ ಇಬ್ಬರೇ. ಮೆಣಸಿನಕಾಯಿ ಪುಡಿ, ಅಕ್ಕಿ ಹಿಟ್ಟು, ಹಬ್ಬ ಬಂತಂದ್ರೆ ತ್ತೊಕ್ ಅನ್ನುವ ಅಕ್ಕಿ ಕಡುಬು, ಎಲ್ಲ ಅಲ್ಲೇ. ಎಳ್ಳು ಹುರಿದು ಎಣ್ಣೆ ತೆಗೆದು, ಸೋಜು ಅನ್ನುವ ಇಲ್ಲಿನ ಸಾರಾಯಿಯ ಹಸಿರು ಬಾಟಲಿ ತೊಳೆದು ಅದಕ್ಕೆ ತುಂಬಿ ಕೊಡುತ್ತಾರೆ. ಹುರಿದ ಎಳ್ಳಿನ ವಾಸನೆ ಬಸ್ ಸ್ಟಾಪಿನ ತನಕ ಬರುತ್ತೆ.

ಒಂದು ಸಲ ನಮ್ಮವ್ವ ಊರಿಂದ ಎರಡು ಕಿಲೊ ಬ್ಯಾಡಗಿ ಮೆಣಸಿನಕಾಯಿ ಕಳಿಸಿದ್ದಳು. ನಮ್ಮದು ಹಾವೇರಿ ಕಡೆ, ಬೇರೆ ಮೆಣಸಿನಕಾಯಿ ಆಕೆಗೆ ಲೆಕ್ಕಕ್ಕೇ ಇಲ್ಲ. ಜೊತೆಗೆ ಕೊತ್ತಂಬರಿ ಬೀಜ, ಮೆಂತ್ಯ ಹುರಿದುಕೊಂಡು, ಎಲ್ಲ ಸೇರಿಸಿ ಸಾರಿನ ಪುಡಿ ಮಾಡಿಸೋಣ ಅಂತ ಗಿರಣಿಗೆ ಹೋದೆ. ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ: "ಕಿಮ್ಚಿಗೋ, ಗೋಚುಜಾಂಗ್‌ಗೋ?" ಕಿಮ್ಚಿ ಅನ್ನುವ ಎಲೆಕೋಸಿನ ಉಪ್ಪಿನಕಾಯಿಗಾದರೆ ತರಿತರಿ, ಗೋಚುಜಾಂಗ್ ಅನ್ನುವ ಹುದುಗಿಸಿದ ಮೆಣಸಿನ ಗೊಜ್ಜಿಗಾದರೆ ನುಣ್ಣಗೆ. ಸಾರಿಗೆ ಅಂತ ಹೇಗೆ ಹೇಳೋದು! ನುಣ್ಣಗೆ ಅಂದೆ. ಅವರು ಒಂದು ಬ್ಯಾಡಗಿ ಕೈಗೆತ್ತಿಕೊಂಡು, ಅದರ ಸುಕ್ಕುಗಳನ್ನು ಬೆರಳಲ್ಲಿ ಬಿಡಿಸಿ ನೋಡಿದರು. ಮೂಸಿದರು. ಚೂರು ಮುರಿದು ನಾಲಿಗೆ ಮೇಲಿಟ್ಟುಕೊಂಡು, "ಬಣ್ಣ ಇದೆ, ಖಾರ ಇಲ್ಲ, ಒಳ್ಳೇ ಕಾಯಿ" ಅಂದರು. ನಮ್ಮವ್ವ ಕೇಳಿದ್ದರೆ ಅಲ್ಲೇ ಸಂಬಂಧ ಬೆಳೆಸುತ್ತಿದ್ದಳು.

ಆದರೆ ಕೊತ್ತಂಬರಿ, ಮೆಂತ್ಯ ನೋಡಿದ ಕೂಡಲೇ ಪೊಟ್ಟಣ ವಾಪಸ್ ಕೈಗೆ ಕೊಟ್ಟರು. ಆಗಲ್ಲ. ಈ ವಾಸನೆ ಕಲ್ಲಿಗೆ ಹತ್ತಿದರೆ ಮುಂದಿನವರ ಕಿಮ್ಚಿ ಕೆಡುತ್ತೆ. ನವೆಂಬರ್ ತಿಂಗಳು, ಇಡೀ ಚಳಿಗಾಲಕ್ಕಾಗುವಷ್ಟು ಕಿಮ್ಚಿ ಹಾಕುವ ಕಿಮ್‌ಜಾಂಗ್ ಕಾಲ. ನನ್ನ ಹಿಂದೆ ಚೀಲ ಹಿಡಿದು ಏಳೆಂಟು ಜನ ನಿಂತಿದ್ದರು. ನಮ್ಮೂರ ಗಿರಣಿಯಲ್ಲೂ ಖಾರ ಕುಟ್ಟುವ ಮಷಿನ್ನೇ ಬೇರೆ, ರಾಗಿ ಬೀಸುವುದೇ ಬೇರೆ ಅಲ್ವಾ? ನನಗೆ ಬೇಜಾರಾಗಲಿಲ್ಲ. ಮಸಾಲೆ ಮನೆಯ ಮಿಕ್ಸಿಗೆ ಹೋಯಿತು.

ಮಾತಿನ ನಡುವೆ ಅವರು ಹೇಳಿದ್ದು: ಹೊಸವರ್ಷದ ಸೊಲ್ಲಾಲ್ ಹಬ್ಬದ ಮುಂಚಿನ ವಾರ ಬೆಳಗಿನ ಜಾವ ಮೂರಕ್ಕೆ ಏಳುತ್ತಾರಂತೆ. ಮಣಿಕಟ್ಟಿಗೆ ಎರಡು ಸಲ ಆಪರೇಷನ್ ಆಗಿದೆ. ಮಗ ಆಫೀಸಿನವನು, ಶನಿವಾರ ಬಂದು ಚೀಲ ಎತ್ತಿಕೊಡುತ್ತಾನೆ.

ನಾನು ಹೇಳಬೇಕಂತಿದ್ದದ್ದು ಇಲ್ಲೇ ಇದೆ. ಕೊರಿಯನ್ನರ ಬಾಯಲ್ಲಿ 'ಜೊಂಗ್' ಅಂತ ಒಂದು ಪದ ಇದೆ. ಅಕ್ಕರೆ, ಒಡನಾಟದಿಂದ ಹುಟ್ಟುವ ಮಮತೆ. ಸಣ್ಣ ಅಂಗಡಿಯ ಮಾತು ಬಂದರೆ ಸಾಕು, ಎಲ್ಲರೂ ಜೊಂಗ್ ಜೊಂಗ್ ಅಂತ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಹೌದು, ಇತ್ತು. ಆದರೆ ಆ ಜೊಂಗ್ ಬೆಳಗ್ಗೆ ಆರರಿಂದ ರಾತ್ರಿ ಹನ್ನೆರಡರ ತನಕ ಒಬ್ಬ ಹೆಂಗಸು ಆ ಅಂಗೈಯಗಲದ ಗಾಜಿನ ಹಿಂದೆ ಕೂತಿದ್ದರಿಂದ ಇತ್ತು. ವರ್ಷಕ್ಕೆ ಎರಡು ದಿನ ರಜೆ, ಎರಡು ದೊಡ್ಡ ಹಬ್ಬದ ಬೆಳಗ್ಗೆ. ಆ ಹೊತ್ತಿಗೆಲ್ಲ ಸಂಬಳ ಲೆಕ್ಕ ಹಾಕಿದ್ದರೆ ಅಂಗಡಿ ಮೊದಲ ತಿಂಗಳೇ ಮುಳುಗುತ್ತಿತ್ತು. ಮನೆಯವರ ದುಡಿಮೆಗೆ ಯಾರೂ ಲೆಕ್ಕ ಇಡುವುದಿಲ್ಲ, ಅದಕ್ಕೇ ನಡೆಯಿತು.

ಇಮೋ ಇಷ್ಟಪಟ್ಟು ಅಂಗಡಿ ಹಾಕಿದವರೂ ಅಲ್ಲ. 1997ರ ಕೊನೆಯಲ್ಲಿ ಕೊರಿಯಾದ ಆರ್ಥಿಕತೆ ಕುಸಿದು ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಚಾಚಬೇಕಾಯಿತು. ಇಲ್ಲಿನ ಜನ ಆ ಕಷ್ಟಕಾಲವನ್ನೇ 'ಐಎಂಎಫ್' ಅಂತ ಕರೆಯುತ್ತಾರೆ, ನಮ್ಮ ಹಿರಿಯರು 'ಬರ' ಅಂದ ಹಾಗೆ. ಇಮೋ ಗಂಡನ ಕಾರ್ಖಾನೆ ಕೆಲಸ ಆಗಲೇ ಹೋದದ್ದು. ಬಂದ ಇಡಿಗಂಟಿನಲ್ಲಿ ಈ ಅಂಗಡಿ. ಹಾಗೆ ಕೆಲಸ ಕಳೆದುಕೊಂಡು ಅಂಗಡಿ, ಕೋಳಿ ಕರಿಯುವ ಹೋಟೆಲ್ ಹಾಕಿದವರು ಲೆಕ್ಕವಿಲ್ಲದಷ್ಟು ಜನ. ಈಗಲೂ ಇಲ್ಲಿ ದುಡಿಯುವ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಇಂಥ ಸ್ವಂತ ಕಸುಬಿನವರು. ಪಿಂಚಣಿ ನೆಚ್ಚಿಕೊಳ್ಳೋಣ ಅಂದರೆ, ರಾಷ್ಟ್ರೀಯ ಪಿಂಚಣಿ ಪಟ್ಟಣದ ಸ್ವಂತ ಕಸುಬಿನವರಿಗೆ ಬಂದದ್ದೇ 1999ರಲ್ಲಿ. ಕಟ್ಟಿದ್ದು ಕಡಿಮೆ, ಬರುವುದೂ ಕಡಿಮೆ. ಎಪ್ಪತ್ತಾದರೂ ಅಂಗಡಿಯಲ್ಲಿ ಕೂತಿದ್ದಾರೆ ಅಂದರೆ ಹಳೇ ಕಾಲದ ಮೇಲಿನ ಪ್ರೀತಿಯಿಂದಲ್ಲ.

ಒಂದು ದಿನ ನಾನು ದಡ್ಡನ ಹಾಗೆ ಕೇಳಿಬಿಟ್ಟೆ. "ಇಮೋ, ಮುಂದೆ ಮಗ ಅಂಗಡಿ ನೋಡ್ಕೊಳ್ಳಲ್ವಾ?" ಅವರು ಸುಲಿಯುತ್ತಿದ್ದ ಬೆಳ್ಳುಳ್ಳಿ ಕೆಳಗಿಟ್ಟರು. "ಅವನು ಇಲ್ಲಿ ಕೂರಬಾರದು ಅಂತಾನೇ ನಾನು ಇಲ್ಲಿ ಕೂತಿದ್ದು."

ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಅಂಗಡಿಗಳನ್ನು ಕೊಂದವರು ಯಾರು ಅಂತ ಕೇಳಿದರೆ ಎಲ್ಲರೂ ಒಬ್ಬ ಖಳನಾಯಕನನ್ನು ಹುಡುಕುತ್ತಾರೆ. 1989ರಲ್ಲಿ ಸೋಲ್‌ನಲ್ಲಿ ಮೊದಲ ಸೆವೆನ್ ಇಲೆವೆನ್ ಕನ್ವೀನಿಯೆನ್ಸ್ ಸ್ಟೋರ್ ಬಂತು, 1993ರಲ್ಲಿ ಅಲ್ಲಿನದೇ ಚಾಂಗ್‌ದೊಂಗ್‌ನಲ್ಲಿ ಇ-ಮಾರ್ಟ್ ಅನ್ನುವ ದೊಡ್ಡ ಮಾರ್ಟಿನ ಮೊದಲ ಮಳಿಗೆ. ಹೊರದೇಶದ ವಾಲ್‌ಮಾರ್ಟ್, ಕಾರೆಫೂರ್ 2006ರಲ್ಲಿ ಗಂಟುಮೂಟೆ ಕಟ್ಟಿದವು, ಅದರಿಂದ ಓಣಿಯ ಅಂಗಡಿಗೇನೂ ಲಾಭವಾಗಲಿಲ್ಲ, ಇಲ್ಲಿನ ದೊಡ್ಡ ಕಂಪನಿಗಳೇ ಆ ಜಾಗದಲ್ಲಿ ಕೂತವು. 2012ರಲ್ಲಿ ಕಾನೂನು ತಂದು, ದೊಡ್ಡ ಮಾರ್ಟುಗಳು ತಿಂಗಳಿಗೆ ಎರಡು ದಿನ ಬಾಗಿಲು ಹಾಕಬೇಕು ಅಂದರು. ಆ ಭಾನುವಾರಗಳಲ್ಲಿ ವ್ಯಾಪಾರ ಜೋರಾ ಅಂತ ಕೇಳಿದರೆ ಇಮೋ ನಕ್ಕರು. "ಜನ ಹಾಸಿಗೆಯಲ್ಲೇ ಮಲಗಿ ಫೋನ್ ಒತ್ತುತ್ತಾರೆ." 2014ರಲ್ಲಿ ಕೂಪಾಂಗ್ ಅನ್ನುವ ಆನ್‌ಲೈನ್ ಅಂಗಡಿಯ ರಾಕೆಟ್ ಡೆಲಿವರಿ ಶುರುವಾದ ಮೇಲೆ, ರಾತ್ರಿ ಒತ್ತಿದ್ದು ಮಾರನೇ ದಿನ ಬಾಗಿಲಲ್ಲಿ.

ನಾನೇನು ಸಾಚಾನಾ? ಎರಡು ಲೀಟರ್ ನೀರಿನ ಬಾಟಲಿ ಆರರ ಕಟ್ಟು, ಅಕ್ಕಿ, ಟಿಶ್ಯೂ, ಎಲ್ಲ ಫೋನಿನಲ್ಲೇ. ಗುಡ್ಡ ಹತ್ತಿ ಹೊರೋರ್ಯಾರು ಅಂತ ನನ್ನ ನೆಪ. ಮಳೆಗಾಲದಲ್ಲಿ ನಮ್ಮ ಮೆಟ್ಟಿಲ ಮೇಲೆ ಇಟ್ಟುಹೋದ ಬಾಕ್ಸು ನೆನೆಯುತ್ತೆ ಅಂತ ಅದನ್ನು ಎತ್ತಿ ತಮ್ಮ ಅಂಗಡಿಯೊಳಗೆ ಇಟ್ಟುಕೊಳ್ಳುತ್ತಿದ್ದವರು ಯಾರು? ಇಮೋನೇ. ಅದೇ ನೀರು ಅವರ ಅಂಗಡಿಯಲ್ಲೂ ಇತ್ತು. ಸಂಜೆ ನಾನು ಬಂದಾಗ ತಮ್ಮ ನೀರಿನ ಬಾಟಲಿಗಳ ಪಕ್ಕದಿಂದಲೇ ನನ್ನ ಬಾಕ್ಸನ್ನು ಎಳೆದು ಕೊಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮೂಲೆಯ ಕನ್ವೀನಿಯೆನ್ಸ್ ಸ್ಟೋರನ್ನು ಬೈಯೋಕೂ ನನಗೆ ಮನಸ್ಸಿಲ್ಲ. ದೇಶದಲ್ಲಿ ಅಂಥವು 50,000ಕ್ಕೂ ಜಾಸ್ತಿ. ನಮ್ಮ ಮೂಲೆಯದ್ದನ್ನು ನಡೆಸುವವರೂ ಗಂಡ ಹೆಂಡತಿ. ರಾತ್ರಿ ಗಂಡ, ಹಗಲು ಹೆಂಡತಿ, ಶನಿವಾರ ಭಾನುವಾರ ಕಾಲೇಜಿಗೆ ಹೋಗುವ ಮಗಳು. ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಿದ್ದು ಯಾವಾಗ ಅಂತ ಅವರಿಗೇ ನೆನಪಿರಲಿಕ್ಕಿಲ್ಲ. ಮೇಲೆ ಕಂಪನಿಗೆ ಪಾಲು ಬೇರೆ. ಇದೂ ಮನೆಮಂದಿಯ ಅಂಗಡಿಯೇ, ದೀಪ ಜಾಸ್ತಿ ಅಷ್ಟೇ.

ಶಾಲೆ ಎದುರಿಗಿದ್ದ ಮುನ್‌ಬಾಂಗುವಿನ ಕತೆಯೇ ಬೇರೆ. ಅದು ಪೆನ್ಸಿಲ್, ಬಣ್ಣದ ಕಾಗದ, ಅಗ್ಗದ ಮಿಠಾಯಿ ಮಾರುವ ಅಂಗಡಿ. ಶಾಲೆ ಗಂಟೆ ಹೊಡೆಯುವ ಮುಂಚೆ ಹೋಂವರ್ಕ್ ಸಾಮಾನು ಮರೆತ ಮಕ್ಕಳೆಲ್ಲ ಅಲ್ಲಿಗೇ ಓಡುತ್ತಿದ್ದರು. ಆಮೇಲೆ ಶಾಲೆಗಳೇ ಸಾಮಾನು ಕೊಡೋಕೆ ಶುರು ಮಾಡಿದವು. ಮಕ್ಕಳಂತೂ ಇಲ್ಲವೇ ಇಲ್ಲ. 2023ರಲ್ಲಿ ಇಲ್ಲಿನ ಜನನ ಪ್ರಮಾಣ ಹೆಣ್ಣೊಬ್ಬಳಿಗೆ 0.72 ಮಗು. ಈಗ ಆ ಜಾಗದಲ್ಲಿ ಆಳಿಲ್ಲದ ಐಸ್‌ಕ್ರೀಮ್ ಅಂಗಡಿ. ಫ್ರೀಜರ್‌ಗಳು, ದುಡ್ಡು ಕಟ್ಟುವ ಮಷಿನ್, ಮೇಲೆ ಕ್ಯಾಮೆರಾ. ಗೋಡೆ ಮೇಲೆ ದುಡ್ಡು ಕೊಡದೆ ಹೋದ ಹುಡುಗನ ಮಸುಕು ಫೋಟೊ. ಇಮೋ ಆಗಿದ್ದರೆ ಆ ಹುಡುಗನ ಅಮ್ಮನಿಗೆ ಹೇಳಿ ಮುಗಿಸುತ್ತಿದ್ದರು.

ಎಲ್ಲ ಕಡೆ ಸೋತಿದ್ದಾರೆ ಅಂತಲೂ ಅಲ್ಲ. ಜೊಂಜು ಊರಿಗೆ ಹೋದರೆ 'ಗಾಮೇಕ್' ಅಂತ ಇದೆ. ಕಿರಾಣಿ ಅಂಗಡಿಯಲ್ಲೇ ನಾಲ್ಕು ಮೇಜು ಹಾಕಿ, ಬಿಯರ್ ಜೊತೆ ಒಣಮೀನು ಸುಟ್ಟು ಕೊಡುತ್ತಾರೆ. ಭಾರೀ ರುಚಿ ಅನ್ನುತ್ತಾರೆ ಗೆಳೆಯರು, ನಾನು ಸಸ್ಯಾಹಾರಿ, ಕಡಲೆಕಾಯಿ ತಿಂದು ಬಂದೆ. ಹೆಸರು ಮಾಡಿದ ಕೆಲವು ಕಡೆ ಈಗ ಕ್ಯೂ ನಿಲ್ಲಬೇಕು. ಅಂಗಡಿ ಉಳಿಯಿತು ಅನ್ನಬೇಕೋ, ಬಾರ್ ಆಯಿತು ಅನ್ನಬೇಕೋ ನೀವೇ ಹೇಳಿ.

2025ರ ಬೇಸಿಗೆಯಲ್ಲಿ ಸರ್ಕಾರ ಕೊರಿಯನ್ನರಿಗೆಲ್ಲ ಖರ್ಚಿನ ಕೂಪನ್ ಕೊಟ್ಟಿತು. ಮೊದಲ ಕಂತಿನಲ್ಲಿ ತಲೆಗೆ ಕಡಿಮೆಯೆಂದರೂ ಒಂದೂವರೆ ಲಕ್ಷ ವೊನ್, ದೊಡ್ಡ ಮಾರ್ಟುಗಳಲ್ಲಿ ನಡೆಯುವುದಿಲ್ಲ. 'ಇಲ್ಲಿ ಕೂಪನ್ ನಡೆಯುತ್ತೆ' ಅಂತ ಇಮೋ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಗೆ ಬರೆದು ಗಾಜಿಗೆ ಅಂಟಿಸಿದರು. ಆ ಎರಡು ತಿಂಗಳು ಅಂಗಡಿ ತುಂಬಿತ್ತು. ಆಮೇಲೆ ಚೀಟಿ ಉಳಿಯಿತು, ಬಿಸಿಲಿಗೆ ಅಕ್ಷರ ಬಿಳಿಚಿಕೊಂಡವು.

ಹೋದ ವಾರ ಇಮೋ ಮಗಳು ಬುಸಾನ್‌ನಿಂದ ಬಂದು ಅವರನ್ನು ಕರೆದುಕೊಂಡು ಹೋದಳು. ಅಲ್ಲಿ ಲಿಫ್ಟ್ ಇರುವ ಮನೆಯಂತೆ. ಹೊರಡುವ ಮುಂಚಿನ ದಿನ ಇಮೋ ಎಷ್ಟು ಖುಷಿಯಾಗಿದ್ದರು ಅಂದರೆ ನನಗೆ ಸ್ವಲ್ಪ ನಾಚಿಕೆಯಾಯಿತು, ನಾನು ಮುಖ ಸಣ್ಣದು ಮಾಡಿಕೊಂಡು ಹೋಗಿದ್ದೆ. "ಬೆಳಗ್ಗೆ ಎಂಟಕ್ಕೆ ಏಳ್ತೀನಿ ಇನ್ಮೇಲೆ" ಅಂದರು. ಉಳಿದಿದ್ದ ರಾಮ್ಯೊನ್ ನೂಡಲ್ಸ್, ಬಿಸ್ಕತ್ತು ಒಂದು ಡಬ್ಬಿಗೆ ತುಂಬಿ ಕೈಗೆ ಕೊಟ್ಟರು. ದುಡ್ಡು ಕೊಡೋಕೆ ಹೋದರೆ, "ದೊಮ್" ಅಂದರು.

ಅವರು ಹೋದ ಮಾರನೇ ದಿನ ಮನೆ ಓನರು ಮರದ ಮಂಚವನ್ನು ರಸ್ತೆ ಪಕ್ಕಕ್ಕೆ ಎಳೆದು ನಿಲ್ಲಿಸಿದರು. ಹಳದಿ ರೆಕ್ಸಿನ್ ಮೇಲೆ ಬಿಸಾಡುವ ಸಾಮಾನಿನ ಸ್ಟಿಕರ್. ಅಂಥ ಸ್ಟಿಕರ್ ಬೇಕಾದಾಗ ನಾನು ಇಮೋ ಅಂಗಡಿಗೇ ಹೋಗುತ್ತಿದ್ದೆ, ಇದನ್ನು ಮೂಲೆಯ ಸ್ಟೋರಿನಿಂದ ತಂದಿರಬೇಕು. ಲಾರಿ ಬರೋಕೆ ಎರಡು ದಿನ ಇತ್ತು. ಸಂಜೆ ಲ್ಯಾಬಿನಿಂದ ಬರುವಾಗ ನೋಡಿದರೆ ಇಬ್ಬರು ಅಜ್ಜಿಯರು ಅದನ್ನು ಮತ್ತೆ ಗೋಡೆ ಬದಿಗೆ ಎಳೆದು ಹಾಕಿಕೊಂಡು, ಸ್ಟಿಕರ್ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.