ಒಗ್ಗರಣೆ ಯಾರ ಮನೆಯದು?

ನಾನಿರುವ ಇಂಗ್ಲೆಂಡಿನ ನಾರ್ವಿಚ್‌ನಿಂದ ಸ್ವಲ್ಪ ದೂರದಲ್ಲಿ ಟಿವಿ ಪ್ರಸಾರದ ಎತ್ತರದ ಟವರ್ ಒಂದಿದೆ. ಆ ಹಳ್ಳಿಯ ಹೆಸರನ್ನು ಟ್ಯಾಕೊಲ್ನೆಸ್ಟನ್ ಅಂತ ಬರೆಯುತ್ತಾರೆ, ಟ್ಯಾಕಲ್‌ಸ್ಟನ್ ಅಂತ ಕರೆಯುತ್ತಾರೆ. ಬರೆದಂತೆ ಓದಿ ಬೆಳೆದ ನಮಗೆ ಇದೊಂದು ಕಾಟ. ಟವರಿನ ಮೇಲೆ 185 ಮೀಟರ್ ಎತ್ತರದಲ್ಲಿ ಒಂದು ಕೊಳವೆಯ ಬಾಯಿದೆ. ಅದು ಹಗಲೂ ರಾತ್ರಿ ಗಾಳಿ ಎಳೆದುಕೊಳ್ಳುತ್ತದೆ. ಅದರಲ್ಲಿ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಎಷ್ಟಿದೆ ಅಂತ ಕೆಳಗಿನ ಯಂತ್ರ ಅಳೆಯುತ್ತದೆ.

ಮಂಡ್ಯ ಕಡೆಯ ನನ್ನ ಸೋದರಮಾವನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಅಲ್ಲ ಕಣ್ಲಾ, ಹಸ ತೇಗಿದ್ದಕ್ಕೂ ಲೆಕ್ಕ ಇಡ್ತಾರಾ ಅಲ್ಲಿ?" ಅಂದರು. ಇಡುತ್ತಾರೆ. ಮಾವ ತಮಾಷೆಗೆ ಅಂದರೂ ಮಾತು ಸರಿಯಾಗಿಯೇ ಇತ್ತು. ಹಸುವಿನ ಮೀಥೇನ್‌ನಲ್ಲಿ ಬಹುಪಾಲು ಬರುವುದು ತೇಗಿನಲ್ಲೇ, ಹಿಂದಿನಿಂದಲ್ಲ.

ಲೆಕ್ಕ ಇಡುವ ರೂಢಿ ನಮ್ಮಲ್ಲೂ ಇದೆ. ಜಾನುವಾರು ಗಣತಿಯಲ್ಲಿ ಎಷ್ಟು ಹಸು, ಎಷ್ಟು ಎಮ್ಮೆ ಅಂತ ಎಣಿಸುತ್ತಾರೆ. ಒಂದು ಹಸುವಿಗೆ ವರ್ಷಕ್ಕೆ ಇಷ್ಟು ಕಿಲೋ ಅಂತ ಗುಣಿಸುತ್ತಾರೆ. ಗದ್ದೆ, ಕಸದ ಗುಡ್ಡೆ, ಕಲ್ಲಿದ್ದಲ ಗಣಿ, ಎಲ್ಲಕ್ಕೂ ಹೀಗೇ. ಕೂಡಿದರೆ ದೇಶದ ಲೆಕ್ಕ ಸಿಕ್ಕಿತು. ಬ್ರಿಟನ್ನಿನವರೂ ಮೊದಲು ಮಾಡುವುದು ಇದನ್ನೇ. ಆದರೆ ಆಮೇಲೆ ಗಾಳಿಯನ್ನೂ ಕೇಳುತ್ತಾರೆ.

ಗಾಳಿಯನ್ನು ಕೇಳುವುದು ಹೇಗೆ? ವಠಾರದಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇಂಗಿನ ಒಗ್ಗರಣೆ ಮೂಗಿಗೆ ಬಡಿದರೆ ಸಾಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ ಯಾರ ಮನೆಯ ಸಾರು ಅಂತ ಹೇಳಿಬಿಡುತ್ತೇವೆ. ಬ್ರಿಟನ್ನಿನ ಹವಾಮಾನ ಇಲಾಖೆಯ ಹತ್ತಿರ ನೇಮ್ ಅನ್ನುವ ಒಂದು ಕಂಪ್ಯೂಟರ್ ಮಾಡೆಲ್ ಇದೆ. 1986ರ ಚೆರ್ನೋಬಿಲ್ ದುರಂತ ಆದಮೇಲೆ, ವಿಕಿರಣದ ಧೂಳು ಎತ್ತ ಹೋಗುತ್ತದೆ ಅಂತ ಹೇಳಲು ಕಟ್ಟಿದ್ದು. ಅದನ್ನೇ ಹಿಂದಕ್ಕೆ ಓಡಿಸಿದರೆ, ಈಗ ಕೊಳವೆಯೊಳಗೆ ಬಂದ ಗಾಳಿ ಕಳೆದ ಕೆಲವು ದಿನ ಯಾವ ಯಾವ ಹೊಲದ ಮೇಲೆ ಹಾದು ಬಂತು ಅಂತ ತಿಳಿಯುತ್ತದೆ. ಐರ್ಲೆಂಡಿನ ಪಡುವಣ ಕರಾವಳಿಯ ಮೇಸ್ ಹೆಡ್‌ನಲ್ಲಿ ಇನ್ನೊಂದು ಕೇಂದ್ರವಿದೆ. ಅಟ್ಲಾಂಟಿಕ್ ಕಡೆಯಿಂದ ಬೀಸುವಾಗ ಅಲ್ಲಿ ಸಿಗುವುದು ಯಾರ ಒಗ್ಗರಣೆಯೂ ತಾಕದ ಗಾಳಿ. ಅದಕ್ಕಿಂತ ನಮ್ಮ ಟವರಿನ ಗಾಳಿಯಲ್ಲಿ ಮೀಥೇನ್ ಎಷ್ಟು ಜಾಸ್ತಿ ಇದೆಯೋ ಅದು ನೆಲದಿಂದ ಸೇರಿದ್ದು.

ಈ ಲೆಕ್ಕ ಖಾಲಿ ಕೈಯಲ್ಲಿ ಶುರುವಾಗುವುದಿಲ್ಲ. ಮೊದಲೇ ಒಂದು ಅಂದಾಜು ಕೊಡಬೇಕು. "ಆ ಮನೆಯವರು ಭಾನುವಾರ ಮೀನು ಹುರಿಯುತ್ತಾರೆ" ಅಂತ ನಮಗೆ ಮೊದಲೇ ಗೊತ್ತಿರುತ್ತದಲ್ಲ, ಹಾಗೆ. ಅಳತೆಗಳು ಅದನ್ನು ತಿದ್ದುತ್ತಾ ಹೋಗುತ್ತವೆ. ಅಳತೆ ಕಡಿಮೆ ಇದ್ದರೆ ತಿದ್ದುವುದೂ ಕಡಿಮೆ. ನಾವು ಕೊಟ್ಟ ಅಂದಾಜೇ ಹೆಚ್ಚುಕಡಿಮೆ ಉತ್ತರವಾಗಿ ವಾಪಸ್ ಬರುತ್ತದೆ!

ಬ್ರಿಟನ್ನಿನಲ್ಲಿ ನನಗೆ ಹಿಡಿಸಿದ್ದು ಯಂತ್ರವಲ್ಲ, ನಡೆ. ದೇಶದ ಲೆಕ್ಕದ ವರದಿಯೊಳಗೇ ಗಾಳಿಯ ಲೆಕ್ಕವನ್ನೂ ಅಚ್ಚು ಹಾಕುತ್ತಾರೆ, ಎರಡೂ ಹೊಂದದಿದ್ದರೂ. 1990ರ ನಂತರ ಮೀಥೇನ್ ತುಂಬಾ ಇಳಿಯಿತು ಅಂತ ಎಣಿಸಿ ಗುಣಿಸಿದ ಪುಸ್ತಕದ ಲೆಕ್ಕ ಹೇಳಿತು. ಗಾಳಿಯಲ್ಲಿ ಅಷ್ಟು ದೊಡ್ಡ ಇಳಿಕೆ ಕಾಣಲಿಲ್ಲ. ಅದನ್ನೂ ಮುಚ್ಚಿಡಲಿಲ್ಲ.

ಹಾಗಂತ ಭಾರತದ ಲೆಕ್ಕ ಸುಳ್ಳು ಅಂದುಕೊಳ್ಳಬೇಡಿ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಅನಿತಾ ಗಣೇಶನ್ ಮತ್ತು ಸಂಗಡಿಗರು 2017ರಲ್ಲಿ ಇದನ್ನೇ ಪರೀಕ್ಷಿಸಿದರು. ಜಪಾನಿನ ಗೋಸ್ಯಾಟ್ ಉಪಗ್ರಹ, ವಿಮಾನ, ನೆಲದ ಕೇಂದ್ರ, ಎಲ್ಲದರ ಅಳತೆ ಸೇರಿಸಿದರು. ವರ್ಷಕ್ಕೆ ಸುಮಾರು 2.2 ಕೋಟಿ ಟನ್ ಅಂತ ಬಂತು. ಭಾರತ ವಿಶ್ವಸಂಸ್ಥೆಗೆ ಕೊಟ್ಟ ಲೆಕ್ಕಕ್ಕೆ ಅದು ಹೊಂದಿತು. 2010ರಿಂದ 2015ರವರೆಗೆ ಹೇಳಿಕೊಳ್ಳುವಂಥ ಏರಿಕೆಯೂ ಇರಲಿಲ್ಲ. ಓದಿ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ಆದರೆ ಅದು ಇಡೀ ದೇಶದ ಮೊತ್ತ. ಮಾವನ ಗದ್ದೆಯ ಮಾತು ಬೇರೆ. ನೀರು ನಿಂತ ಗದ್ದೆಯಲ್ಲಿ ಮಣ್ಣಿಗೆ ಆಮ್ಲಜನಕ ಸಿಗುವುದಿಲ್ಲ, ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಅದಕ್ಕೆ ಹದವಾದ ಕಾಲವೇ ಮುಂಗಾರು. ಆಗಲೇ ಮೋಡ ಕವಿದು ಉಪಗ್ರಹಕ್ಕೆ ನೆಲ ಕಾಣುವುದಿಲ್ಲ. ಕೆಆರ್‌ಎಸ್‌ನಲ್ಲಿ ನೀರು ಕಮ್ಮಿಯಾದ ವರ್ಷ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುತ್ತಾರೆ. ನಡುನಡುವೆ ಗದ್ದೆ ಆರುತ್ತದೆ, ಮೀಥೇನ್ ಇಳಿಯುತ್ತದೆ. ಎಕರೆ ಎಣಿಸಿ ಗುಣಿಸುವ ಪುಸ್ತಕಕ್ಕೆ ಇದನ್ನು ಯಾರಾದರೂ ಹೇಳಬೇಕು. ಪಕ್ಕದಲ್ಲೊಂದು ಕೊಳವೆ ಇದ್ದರೆ ಗಾಳಿಯೇ ಹೇಳೀತು.

ಬೆಂಗಳೂರಿನ ವಿಜ್ಞಾನಿಗಳಿಗೆ ಈ ಕೆಲಸ ಹೊಸದೇನಲ್ಲ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಫ್ರಾನ್ಸಿನವರ ಜೊತೆ ಸೇರಿ ಗಾಳಿ ಅಳೆದಿದ್ದಾರೆ. ಆದರೆ ಹಾನ್ಲೆ ನಮ್ಮ ಮೇಸ್ ಹೆಡ್ ಇದ್ದಂತೆ, ಅಡುಗೆಮನೆಗಳಿಂದ ಬಲು ದೂರ. ಒಗ್ಗರಣೆ ಹಾಕುವ ಬಯಲಿನಲ್ಲೂ ಮೂಗು ಬೇಡವೇ? ಇಲ್ಲಿಯವರು ಹೊಸ ಗೋಪುರ ಕಟ್ಟಿಸಲಿಲ್ಲ, ಇದ್ದ ಟಿವಿ ಟವರಿಗೇ ಕೊಳವೆ ಕಟ್ಟಿದರು. ನಮ್ಮಲ್ಲಿ ಟವರ್‌ಗಳಿಗೇನು ಬರವೇ?

ಇದನ್ನೂ ಮಾವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಗದ್ದೇಲೇ ಹಾಕ್ಲಿ ಬುಡು. ತಿಂಗಳಿಗೆ ಬಾಡಿಗೆ ಏಟು ಕೊಟ್ಟಾರು, ಕೇಳ್ಲಾ" ಅಂದರು.