ಚೀಲ ಮಗುವೇ ತುಂಬಲಿ

ನಮ್ಮ ಕಡೆ ಸಾಲಿ ಪ್ರವಾಸ ಅಂದರೆ ನಸುಕಿನ ನಾಲ್ಕಕ್ಕೆ ಬಸ್ಸು, ಎರಡು ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ಗೋಳಗುಮ್ಮಟ. ನಾನೀಗ ಇರುವ ಇಂಗ್ಲೆಂಡಿನ ಎಷ್ಟೋ ಪ್ರಾಥಮಿಕ ಶಾಲೆಗಳು ಹತ್ತು-ಹನ್ನೊಂದು ವರ್ಷದ ಮಕ್ಕಳನ್ನು ಒಂದೇ ಜಾಗಕ್ಕೆ ಒಯ್ದು ಎರಡು-ಮೂರು ರಾತ್ರಿ ಅಲ್ಲೇ ಇಡುತ್ತವೆ. ಮಕ್ಕಳು ಹಗ್ಗ ಕಟ್ಟಿಕೊಂಡು ಬಂಡೆ ಏರುತ್ತಾರೆ, ದೋಣಿಗೆ ಹುಟ್ಟು ಹಾಕುತ್ತಾರೆ, ನಕ್ಷೆ ಹಿಡಿದು ಕಾಡಿನಲ್ಲಿ ದಾರಿ ಹುಡುಕುತ್ತಾರೆ. ಇಲ್ಲಿಂದ ಎರಡನ್ನೂ ತೂಗಿ ನೋಡಿದರೆ ದೊಡ್ಡ ಅಂತರ ದುಡ್ಡಿನದಲ್ಲ. ಇಲ್ಲಿ ಹೊರಡುವ ಮುಂಚಿನ ವಾರಗಳು ಮಗುವನ್ನು ತಯಾರು ಮಾಡುವುದಕ್ಕೆ ಹೋಗುತ್ತವೆ. ನಮ್ಮಲ್ಲಿ ಬಸ್ಸಿನ ಬಾಡಿಗೆ, ಊಟದ ಲೆಕ್ಕದಲ್ಲೇ ಮುಗಿಯುತ್ತವೆ.

ಜಾಗಕ್ಕೆ ನಮಗೇನೂ ಕೊರತೆಯಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲನ್ನು ದೇಶದ ಬಂಡೆ ಏರುವವರೆಲ್ಲ ಬಲ್ಲರು. ಬೆಳಗಾವಿಯಿಂದಲೋ ವಿಜಯಪುರದಿಂದಲೋ ಐದು-ಆರನೆಯ ತರಗತಿಯವರನ್ನು ಡಿಸೆಂಬರಿನಲ್ಲಿ ಎರಡು ರಾತ್ರಿ ಅಲ್ಲಿಟ್ಟರೆ ಸಾಕು, ಆರು ಊರು ಸುತ್ತಬೇಕಿಲ್ಲ.

ತಯಾರಿ ಚೀಲದಿಂದ ಶುರುವಾಗಲಿ. ಅವ್ವ ತುಂಬಿದ ಚೀಲದಲ್ಲಿ ಏನು ಎಲ್ಲಿದೆ ಅಂತ ಮಗುವಿಗೆ ಗೊತ್ತಿರುವುದಿಲ್ಲ. ಮೊದಲ ರಾತ್ರಿ ಒಂದು ಟಾವೆಲ್ ಹುಡುಕಲು ಎಲ್ಲವನ್ನೂ ನೆಲಕ್ಕೆ ಸುರಿಯುತ್ತದೆ, ಮಾರನೆಯ ದಿನ ಯಾರ ಅಂಗಿ ಯಾರದೋ ಮೈಮೇಲೆ. ಪಟ್ಟಿಯನ್ನು ಮಗುವೇ ಬರೆಯಲಿ. ಒಂದೊಂದು ದಿನದ ಬಟ್ಟೆ ಸುರುಳಿ ಸುತ್ತಿ ಬೇರೆ ಬೇರೆ ಕೈಚೀಲಕ್ಕೆ ಹಾಕಿ, ಮೇಲೆ ದಿನ ಬರೆಯಲಿ. ಒದ್ದೆ ಬಟ್ಟೆಗೆ ಎರಡು ಪ್ಲಾಸ್ಟಿಕ್ ಚೀಲ, ನಾಲ್ಕು ಜೊತೆ ಕಾಲುಚೀಲ, ಟಾರ್ಚ್, ಒಂದು ಲೀಟರಿನ ಬಾಟಲಿ. ಹೆಸರನ್ನು ಮಾರ್ಕರ್‌ನಿಂದ ಬಟ್ಟೆಯ ಒಳಹೊಲಿಗೆಯ ಮೇಲೆ ಬರೆಯಬೇಕು. 2020ರ ರಾಷ್ಟ್ರೀಯ ನೀತಿ ಪಾಟಿಚೀಲಕ್ಕೆ ಹೇಳಿದ ಅಳತೆ, ಅಂದರೆ ಮೈತೂಕದ ಹತ್ತನೇ ಒಂದು ಭಾಗ, ನಡೆಯುವಾಗ ಬೆನ್ನಿಗೇರಿಸುವ ಚೀಲಕ್ಕೂ ಸರಿ. 28 ಕಿಲೋದ ಹುಡುಗನಿಗೆ ಮೂರು ಕಿಲೋ ಒಳಗೆ. ತುಂಬಿದ ಚೀಲ ಹೊತ್ತು ಮನೆಯ ಸುತ್ತ ಹತ್ತು ನಿಮಿಷ ನಡೆಸಿದರೆ ಬೇಡದ್ದನ್ನು ಮಗುವೇ ತೆಗೆದಿಡುತ್ತದೆ.

ಪ್ರವಾಸಕ್ಕೆಂದು ಹೊಸ ಬೂಟು ಕೊಡಿಸುವುದು ನಾವು ಪ್ರೀತಿಯಿಂದ ಮಾಡುವ ತಪ್ಪು. ಮೊದಲ ದಿನವೇ ಹಿಮ್ಮಡಿಗೆ ಬೊಬ್ಬೆ ಬರುತ್ತದೆ. ಕೊಡಿಸುವುದಾದರೆ ಎರಡು ವಾರ ಮುಂಚೆ ಕೊಡಿಸಿ, ದಿನಾ ಹಾಕಿಸಿ. ತೀರ ಸವೆದ ಅಟ್ಟೆಯೂ ಬೇಡ. ಬಂಡೆಯ ಮೇಲಿನ ಸಡಿಲ ಮರಳಿಗೆ ಅದು ಜಾರುತ್ತದೆ.

ಬಂಡೆಯ ಹತ್ತಿರ ಗಾಜಿನ ಬಳೆ, ಉಂಗುರ, ಜೋತಾಡುವ ಕಿವಿಯೋಲೆ, ಕೊರಳ ತಾಯತ, ದುಪಟ್ಟಾ ಯಾವುದೂ ಇರಬಾರದು. ಬಳೆ ಕಲ್ಲಿಗೆ ತಾಗಿ ಒಡೆದು ಮಣಿಕಟ್ಟು ಕೊಯ್ಯುತ್ತದೆ, ಉಂಗುರ ಸಿಕ್ಕಿಕೊಂಡರೆ ಬೆರಳಿಗೇ ಪೆಟ್ಟು. ತಾಯತ ತೆಗೆಯಲು ಮನೆಯವರು ಒಪ್ಪಬೇಕಲ್ಲ, ಆ ಮಾತು ಪಾಲಕರ ಸಭೆಯಲ್ಲೇ ಆಗಲಿ, ಬಂಡೆಯ ಬುಡದಲ್ಲಲ್ಲ. ಜಡೆ ಕೆಳಗೆ, ಕತ್ತಿನ ಹತ್ತಿರ ಹಾಕಬೇಕು; ಎತ್ತರದ ಜುಟ್ಟಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ಹಗ್ಗ ಬಿಗಿಯಲು ಮೈಗೆ ತೊಡುವ ಹಾರ್ನೆಸ್ಸಿನ ಪಟ್ಟಿ ಸೊಂಟದ ಎಲುಬಿಗಿಂತ ಮೇಲೆಯೇ ಬಿಗಿಯಬೇಕು, ಕೆಳಗೆ ಕಟ್ಟಿದರೆ ಮಗು ತಲೆಕೆಳಗಾದಾಗ ಜಾರಬಹುದು. ಏರುವುದು ಬೆಳಗಿನ ತಂಪಿನಲ್ಲಿ ಮುಗಿಯಲಿ. ಓಆರ್‌ಎಸ್ ಪೊಟ್ಟಣ ಒಂದು ಲೀಟರಿನದಾದರೆ ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು, ಲೋಟಕ್ಕೆ ಅಂದಾಜಿನ ಮೇಲೆ ಸುರಿಯಬಾರದು. ತಿಂಡಿಯ ಪೊಟ್ಟಣ ಕೈಯಲ್ಲಿ ಕಂಡರೆ ಬಾದಾಮಿಯ ಮಂಗಗಳು ಬಿಡುವುದಿಲ್ಲ. ಬಂಡೆಯ ಚಾಚಿನಡಿ ಹೆಜ್ಜೇನು ಕಟ್ಟಿದ್ದರೆ ಆ ದಿಕ್ಕೇ ಬೇಡ.

ಔಷಧ ಮಗುವಿನ ಚೀಲದಲ್ಲಿ ಇಡಬಾರದು. ಹೆಸರು, ಪ್ರಮಾಣ, ಹೊತ್ತು ಬರೆದು, ಅಂಗಡಿಯ ಪೊಟ್ಟಣ ಸಮೇತ ಅಕ್ಕೋರ ಕೈಗೆ ಕೊಡಬೇಕು. ದಮ್ಮಿನ ಮಗುವಿನ ಇನ್‌ಹೇಲರ್ ಮಾತ್ರ ಕೋಣೆಯಲ್ಲಿ ಉಳಿಯದೆ ಬಂಡೆಯ ತನಕ ಜೊತೆಗೇ ಹೋಗಲಿ. ಹಾಸಿಗೆ ಒದ್ದೆ ಮಾಡುವ ಮಗು ಪ್ರತಿ ತರಗತಿಯಲ್ಲೂ ಇರಬಹುದು. ಮನೆಯವರು ನಾಚಿ ಮುಚ್ಚಿಡುತ್ತಾರೆ, ಮಗು ರಾತ್ರಿಯಿಡೀ ಎಚ್ಚರವಿರುತ್ತದೆ. ಗುಟ್ಟಾಗಿ ಒಂದು ಮಾತು ಹೇಳಿದರೆ ಮಲಗುವ ಮುಂಚೆ ಅಕ್ಕೋರು ಕರೆದೊಯ್ಯುತ್ತಾರೆ. ಮುಟ್ಟಾಗುವ ವಯಸ್ಸು ಹತ್ತಿರವಿರುವ ಹುಡುಗಿಯರಿಗೂ ಪ್ಯಾಡ್ ಯಾರ ಬಳಿ ಇದೆ ಅಂತ ಮೊದಲೇ ಗೊತ್ತಿರಬೇಕು.

ರಾತ್ರಿಯ ವಿಷಯದಲ್ಲಿ ನಮ್ಮ ಮಕ್ಕಳೇ ಗಟ್ಟಿ. ಮದುವೆ-ಜಾತ್ರೆಗಳಲ್ಲಿ ಜಮಖಾನದ ಮೇಲೆ ಸಾಲಾಗಿ ಮಲಗಿ, ಒಂದೇ ಕೌದಿ ಎಳೆದಾಡಿ ಬೆಳೆದವರು. ಇಲ್ಲಿಯ ಎಷ್ಟೋ ಮಕ್ಕಳಿಗೆ ನಾಲ್ವರ ಕೋಣೆಯೇ ಹೊಸದು. ಆದರೆ ಆ ಮದುವೆಮನೆಯಲ್ಲಿ ಅವ್ವ ಕೂಗಳತೆಯಲ್ಲಿ ಇದ್ದಳಲ್ಲ. ಆದ್ದರಿಂದ ಹೊರಡುವ ಮುಂಚೆ ಒಂದೆರಡು ರಾತ್ರಿ, ಅವ್ವ-ಅಪ್ಪ ಇಲ್ಲದೆ, ಕಾಕಾನ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಬಿಟ್ಟು ನೋಡಬೇಕು. “ಬ್ಯಾಸರಾದ್ರ ಫೋನ್ ಮಾಡು, ಅಪ್ಪ ಬಂದು ಕರಕೊಂಡ ಬರ್ತಾನ” ಅನ್ನುವ ಮಾತು ಕೆಟ್ಟದ್ದು. ಮಗು ಆ ಕ್ಷಣದಿಂದ ಫೋನಿಗೇ ಕಾಯುತ್ತದೆ. ಇಲ್ಲಿಯ ಹೆಚ್ಚಿನ ಶಾಲೆಗಳು ಮಕ್ಕಳಿಗೆ ಫೋನ್ ಒಯ್ಯಲು ಬಿಡುವುದಿಲ್ಲ. ಹಗಲಲ್ಲಿ ಮರೆತಿದ್ದ ಮನೆ ಮಲಗುವ ಹೊತ್ತಿಗೆ ಅವ್ವನ ದನಿ ಕೇಳಿದೊಡನೆ ನೆನಪಾಗುತ್ತದೆ. ನಮ್ಮಲ್ಲಿ ಪಾಲಕರು ಇದಕ್ಕೆ ಒಪ್ಪುವುದು ಕಷ್ಟ. ಶಿಕ್ಷಕರು ರಾತ್ರಿ ಎಲ್ಲರಿಗೂ ಒಂದು ಸಂದೇಶ ಕಳಿಸಿದರೆ ಮನೆಯವರಿಗೂ ನೆಮ್ಮದಿ.

ನೀರಿನ ಮಾತು ಬೇರೆ. 1993ರಲ್ಲಿ ಇಂಗ್ಲೆಂಡಿನ ದಕ್ಷಿಣ ಕಡಲಿನ ಲೈಮ್ ಕೊಲ್ಲಿಯಲ್ಲಿ ಪುಟ್ಟ ದೋಣಿಗಳಲ್ಲಿ ಹೋದ ನಾಲ್ವರು ವಿದ್ಯಾರ್ಥಿಗಳು ತೀರಿಕೊಂಡರು. 1995ರಲ್ಲಿ ಬಂದ ಕಾನೂನು ಮಕ್ಕಳಿಗೆ ಇಂಥ ಸಾಹಸ ನಡೆಸುವವರಿಗೆ ಪರವಾನಗಿ ಕಡ್ಡಾಯ ಮಾಡಿತು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದ ನಮ್ಮ ನಾಲ್ವರು ಹುಡುಗಿಯರು ಮುಳುಗಿ ತೀರಿಹೋದರು. ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ಪಾಚಿಗಟ್ಟಿದ ಮೆಟ್ಟಿಲಿರಲಿ, ಘಟಪ್ರಭೆಯ ದಡವಿರಲಿ, ತಜ್ಞರಿಲ್ಲದೆ ಯಾವ ಮಗುವೂ ನೀರಿಗಿಳಿಯಬಾರದು. ಹತ್ತು ಮಕ್ಕಳಿಗೆ ಒಬ್ಬ ಹಿರಿಯರು, ಪ್ರತಿ ಮಗುವಿಗೂ ಒಂದು ಸಂಖ್ಯೆ, ಒಬ್ಬ ಜೋಡಿ. ಬಸ್ಸು ಹತ್ತುವಾಗ, ಇಳಿಯುವಾಗ, ಬಂಡೆ ಬಿಟ್ಟು ಹೊರಡುವಾಗ ಮಕ್ಕಳು ತಮ್ಮ ಸಂಖ್ಯೆ ತಾವೇ ಕೂಗಬೇಕು.

ಕೊನೆಯ ಬೆಳಿಗ್ಗೆಗೆ ಅರ್ಧ ತಾಸು ಬಿಡುವಿಡಿ. ಮಗು ಅಂದು ತಾನು ಬರೆದ ಅದೇ ಪಟ್ಟಿ ತೆಗೆದು, ಒಂದೊಂದಕ್ಕೂ ಗೀಟು ಹಾಕುತ್ತ ಚೀಲ ತುಂಬಲಿ.